ಸೇಬಿನ ಹಾರಕ್ಕೆ ಕೊರಳು ಕೊಡದ ಮೇಷ್ಟ್ರು

ನಾಟಕದ ರಾಜರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಿಜವಾದ ರಾಜರನ್ನು ನಾನು ನೋಡಿಲ್ಲ. ಆದರೆ ಹಲಸೂರು, ಕಗ್ಗದಾಸಪುರ, ಕೆ.ಆರ್. ಪುರದ ರಾಜ್ಯೋತ್ಸವದ ಸ್ಟೇಜುಗಳ ಮೇಲೆ ಕಿರೀಟ ಇಟ್ಟುಕೊಂಡು ಎದೆ ಉಬ್ಬಿಸುವವರನ್ನೆಲ್ಲ ಹತ್ತಿರದಿಂದ ನೋಡಿದ್ದೇನೆ, ಏಕೆಂದರೆ ಆ ಕಿರೀಟ ನನ್ನದು. ಶಿವಾಜಿನಗರದಲ್ಲಿ ಅಪ್ಪನ ಕಾಲದಿಂದಲೂ ನಮ್ಮದು ಡ್ರಾಮಾ ಡ್ರೆಸ್ ಅಂಗಡಿ. ಕಿರೀಟ, ಭುಜಕೀರ್ತಿ, ಗದೆ, ಗಡ್ಡ, ಮೀಸೆ ಎಲ್ಲ ಬಾಡಿಗೆಗೆ ಕೊಡುತ್ತೇವೆ. ಕೇಳಿದರೆ ಮುಖಕ್ಕೆ ಬಣ್ಣವನ್ನೂ ನಾನೇ ಬಳಿಯುತ್ತೇನೆ. ನನ್ನ ಹೆಸರು ಗಯಾಜ್. ಓದಿದ್ದು ಐದನೇ ಕ್ಲಾಸು. ಕನ್ನಡ ಕಲಿತದ್ದು ಪರದೆಯ ಮರೆಯಲ್ಲಿ ನಿಂತು, ಮಾತು ಮರೆತ ರಾಜರಿಗೆ ಮಾತು ಎತ್ತಿಕೊಡುತ್ತಾ.

ನಮ್ಮ ಕಡೆ ನಾಟಕದ ಪಾತ್ರವನ್ನು ಗಂಟಲು ನೋಡಿ ಕೊಡುವುದಿಲ್ಲ. ಯಾರು ಹೆಚ್ಚು ಚಂದಾ ಹಾಕುತ್ತಾರೋ ಅವರೇ ರಾಜರು. ಅವರಿಗೆ ಸ್ವರ ಗೊತ್ತಿಲ್ಲ, ಮಾತು ಗೊತ್ತಿಲ್ಲ, ಕಚ್ಚೆ ಉಡುವುದೂ ಗೊತ್ತಿಲ್ಲ. ನಾನೇ ಉಡಿಸಬೇಕು. ಉಡಿಸುವಾಗ ಕಿಸೆಯಲ್ಲಿ ಫೋನು ಹೊಡೆದುಕೊಳ್ಳುತ್ತಿರುತ್ತದೆ. ಆಮೇಲೆ ಸ್ಟೇಜಿಗೆ ಹೋಗಿ ಭೂಮಂಡಲವನ್ನೇ ಗೆಲ್ಲುತ್ತೇನೆ ಎಂದು ಕೂಗುತ್ತಾರೆ. ಗೆದ್ದದ್ದು ಮೂವತ್ತು ನಲವತ್ತರ ಒಂದು ಸೈಟು, ಅದೂ ಕೋರ್ಟಿನಲ್ಲಿರುತ್ತದೆ.

ನಾನು ಹೇಳಹೊರಟಿರುವುದು ಇಂಥ ರಾಜರಿಗೆ ಮಾತು ಬರೆದುಕೊಟ್ಟ ಒಬ್ಬರ ಸಂಗತಿ. ಮನೆಯವರು ಇಟ್ಟ ಹೆಸರು ಯಮುನಾ. ನಾಟಕದವರೆಲ್ಲ ಕರೆಯುವುದು ಮೇಷ್ಟ್ರು ಎಂದು. ನಾಟಕ ಕಲಿಸುವವರು ಯಾರೇ ಆಗಲಿ ನಮ್ಮಲ್ಲಿ ಮೇಷ್ಟ್ರೇ. ಅವರನ್ನು ಮೇಡಂ ಎಂದು ಕೂಗಿ ನೋಡಿ, ಬೇರೆ ಯಾರನ್ನೋ ಕರೆದರೆಂಬಂತೆ ಅವರ ಪಾಡಿಗೆ ಅವರು ಹೋಗುತ್ತಿರುತ್ತಾರೆ. ಮೇಷ್ಟ್ರೇ ಎಂದರೆ ನಿಂತು ನಗುತ್ತಾರೆ. ನನಗೆ ಅಷ್ಟು ಸಾಕು, ನಾನೂ ಹಾಗೇ ಕರೆಯುತ್ತೇನೆ.

ಕಗ್ಗದಾಸಪುರ ಹಳ್ಳಿಯಾಗಿದ್ದಾಗ ಅವರ ಮನೆಯವರು ರಾಗಿ ಬೆಳೆಯುತ್ತಿದ್ದರು. ಈಗ ಅದೇ ಹೊಲದ ಮೇಲೆ ಬಾಡಿಗೆ ಮನೆಗಳನ್ನು ಬೆಳೆದಿದ್ದಾರೆ. ತಂದೆ ತೀರಿಕೊಂಡ ಮೇಲೆ ಬೆಳಗಾದರೆ ಮೋಟರ್ ಹಾಕುವುದು, ನೀರಿಲ್ಲದಿದ್ದರೆ ಟ್ಯಾಂಕರ್ ಕರೆಸುವುದು, ಮೂರನೇ ಮಹಡಿಯ ಹುಬ್ಬಳ್ಳಿಯವರಿಗೂ ಎರಡನೇ ಮಹಡಿಯ ದಾವಣಗೆರೆಯವರಿಗೂ ಕಸದ ಬಕೆಟ್ಟಿನ ಜಗಳ ಬಿಡಿಸುವುದು, ತಾಯಿ ಪಟಾಲಮ್ಮನವರ ಮಂಡಿಗೆ ಎಣ್ಣೆ ತಿಕ್ಕುವುದು, ಎಲ್ಲವೂ ಮೇಷ್ಟ್ರ ಪಾಲಿಗೆ ಬಂತು. ತಮ್ಮ ಸುನಿಲನ ಪಾಲಿಗೆ ಬಂದದ್ದು ಬಿಳಿ ಶರ್ಟು. ಅದನ್ನು ಹಾಕಿಕೊಂಡು ಅವನು ಪ್ರತಿ ಫ್ಲೆಕ್ಸಿನಲ್ಲೂ ಕೈ ಮುಗಿದು ನಿಂತಿರುತ್ತಾನೆ. ಯಾವ ಚುನಾವಣೆಗೆ ಎಂದು ಅವನಿಗೂ ಗೊತ್ತಿಲ್ಲ.

ಮೇಷ್ಟ್ರನ್ನು ನಾನು ಮೊದಲು ಕಂಡದ್ದು ಅವರು ಚಿಕ್ಕ ಮಗುವಾಗಿದ್ದಾಗ, ಅವರ ಸ್ಕೂಲಿನಲ್ಲಿ. ವಾರ್ಷಿಕೋತ್ಸವಕ್ಕೆ ಡ್ರೆಸ್ ತೆಗೆದುಕೊಂಡು ಅಪ್ಪನ ಜೊತೆ ಹೋಗಿದ್ದೆ. ಈ ಮಗುವಿಗೆ ರಾಜಕುಮಾರಿಯ ಲಂಗ ಹಾಕಿದರೆ ಅಳು. ಹಾಳಾಗಿ ಹೋಗಲಿ ಎಂದು ರಾಜಕುಮಾರನ ಅಂಗಿ ಹಾಕಿದರೆ ಆಗಲೂ ಅಳು. ಟೀಚರಮ್ಮ ರೇಗಿ, ಮೈಗೆಲ್ಲ ಹಸಿರು ಕಾಗದ ಅಂಟಿಸಿ ಮೂಲೆಯಲ್ಲಿ ಮರ ಮಾಡಿ ನಿಲ್ಲಿಸಿದರು. ಶಿಕ್ಷೆ ಕೊಟ್ಟೆ ಎಂದುಕೊಂಡಿದ್ದರು ಪಾಪ. ಆ ಮರ ಇಡೀ ನಾಟಕ ನಗುತ್ತಾ ನಿಂತಿತ್ತು.

ದೊಡ್ಡವರಾದ ಮೇಲೆ ಅವರು ಬಾಡಿಗೆ ಮನೆಗಳ ಮಕ್ಕಳನ್ನು ಮಹಡಿಯ ಮೇಲೆ ಕೂರಿಸಿಕೊಂಡು ಕಥೆ ಹೇಳುತ್ತಿದ್ದರು. ನೀರಿನ ಟ್ಯಾಂಕಿನಲ್ಲಿ ವಾಸ ಮಾಡುವ ರೆಕ್ಕೆಯ ಯಾಳಿ, ಮೋಡದ ಮೇಲೆ ಕಟ್ಟಿದ ಕೋಟೆ, ಕೆಂಡ ನುಂಗುವ ಹಕ್ಕಿ ಇಂಥವು. ಕಥೆಗಳು ದೊಡ್ಡವಾಗಿ ನಾಟಕಗಳಾದವು. ನಮ್ಮ ಬಡಾವಣೆಗಳ ಸಂಘಗಳಿಗೆ ಅದೇ ಹಳೆಯ ಪುರಾಣ ಆಡಿ ಆಡಿ ಬೇಸರವಾಗಿತ್ತು. ಮೇಷ್ಟ್ರ ಮಾಯಾ ನಾಟಕಗಳಿಗೆ ಜನ ಬಂದರು. ಎಲ್ಲ ನಾಟಕಕ್ಕೂ ಮುಂದಿನ ಸಾಲಿನ ಕುರ್ಚಿಯಲ್ಲಿ ಪಟಾಲಮ್ಮ. ಅವರಿಗೆ ಓದು ಬಾರದು, ಟಿವಿ ಧಾರಾವಾಹಿ ಸೇರದು. ನಾಟಕ ಎಂದರೆ ಮಾತ್ರ ಜೀವ. ಸ್ಟೇಜಿನ ಮೇಲಿನವರನ್ನು ಬೈಯುತ್ತಾರೆ, ರಾಕ್ಷಸನಿಗೆ ಶಾಪ ಹಾಕುತ್ತಾರೆ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾರೆ.

ಒಂದು ದಿನ ನಾನು ಬಾಯಿ ತಡೆಯದೆ ಕೇಳಿಬಿಟ್ಟೆ. “ಮೇಷ್ಟ್ರೇ, ನಲವತ್ತು ದಾಟ್ತು. ಮದುವೆ ಯಾಕಾಗ್ಲಿಲ್ಲ? ಲವ್ ಫೇಲ್ಯೂರಾ?”

“ಫೇಲಾಗೋಕೆ ಪರೀಕ್ಷೆಗೆ ಕೂತಿರ್ಬೇಕಲ್ಲ ಗಯಾಜಣ್ಣ. ನಾನು ಆ ಸ್ಕೂಲಿಗೇ ಹೋಗಿಲ್ಲ.”

“ಯಾರ ಮೇಲೂ ಮನ್ಸಾಗ್ಲಿಲ್ವಾ?”

“ಇಲ್ಲ. ಯಾರನ್ನೂ ಮುಟ್ಬೇಕು ಅನ್ಸಿಲ್ಲ, ಯಾರ ಜೊತೆನೂ ಜೋಡಿಯಾಗ್ಬೇಕು ಅಂತಾನೂ ಅನ್ಸಿಲ್ಲ. ಕನ್ನಡಿ ಮುಂದೆ ನಿಂತ್ರೆ ಹೆಂಗಸೂ ಕಾಣಲ್ಲ, ಗಂಡಸೂ ಕಾಣಲ್ಲ. ನಾನು ಕಾಣ್ತೀನಿ. ಅಷ್ಟೆ.”

ಇದಕ್ಕೆ ಇಂಗ್ಲಿಷಿನಲ್ಲಿ ಹೆಸರುಗಳೂ ಇವೆಯಂತೆ. ಅಸೆಕ್ಷುಯಲ್, ಅರೋಮ್ಯಾಂಟಿಕ್, ಅಜೆಂಡರ್. ಪ್ರಪಂಚದಲ್ಲಿ ಅಂಥವರು ತುಂಬ ಜನ ಇದ್ದಾರಂತೆ, ಫೋನಿನಲ್ಲಿ ತೋರಿಸಿದರು. ನನಗೆ ಮೆಡಿಕಲ್ ಸ್ಟೋರಿನ ಬೋರ್ಡು ಓದಿದ ಹಾಗಾಯಿತು. ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಆಗಲಿಲ್ಲ ಎಂದು ಒಪ್ಪಿ ಚಹಾ ತರಿಸಿದೆ. ಇಷ್ಟು ಮಾಡುವುದಕ್ಕೆ ಜನರಿಗೆ ಏನು ಕಷ್ಟವೋ ಕಾಣೆ! ಅವರ ನೆಂಟರಲ್ಲಿ ಒಬ್ಬರು ನಾಗದೋಷ ಎಂದರು. ಇನ್ನೊಬ್ಬರು ಕಾಲೇಜಿನಲ್ಲಿ ಯಾರೋ ಕೈಕೊಟ್ಟಿರಬೇಕು ಎಂದರು. ಅತ್ತೆಯೊಬ್ಬಳು, ಹೃದಯವೇ ಕಲ್ಲು ಎಂದಳು. ನನ್ನ ಹೆಂಡತಿ ನೌರೀನ್ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಬಿದ್ದಿದ್ದಾಗ, ಅಷ್ಟೂ ದಿನ ಅವಳ ತಲೆ ಬಾಚಿ, ಗಂಜಿ ಕುಡಿಸಿ, ನರ್ಸುಗಳ ಜೊತೆ ಜಗಳ ಆಡಿದ್ದು ಇದೇ ಕಲ್ಲು. ರಕ್ತ ಹಂಚಿಕೊಂಡ ನನ್ನ ಅಣ್ಣ ತಮ್ಮಂದಿರು ವಾಟ್ಸ್ಯಾಪಿನಲ್ಲಿ ಹೂವಿನ ಚಿತ್ರ ಕಳಿಸಿದರು.

ಪಟಾಲಮ್ಮನವರಿಗೆ ಮೇಷ್ಟ್ರು ಈ ವಿಷಯ ಹೇಳದೇ ಬಿಟ್ಟಿರಲಿಲ್ಲ. ಹೇಳಿದಾಗಲೆಲ್ಲ ಆ ತಾಯಿ ಬೆಚ್ಚಿ, “ಇದ್ಯಾವ್ ಕಾಯ್ಲೆ ಮಗಾ!” ಎನ್ನುತ್ತಿದ್ದರು. ಒಮ್ಮೆ ಸಿ.ವಿ. ರಾಮನ್ ನಗರದ ಡಾಕ್ಟರೊಬ್ಬರ ಹತ್ತಿರ ಎಳೆದುಕೊಂಡು ಹೋದರು. ಆ ಮಹಾನುಭಾವ ಕಣ್ಣೆತ್ತಿಯೂ ನೋಡದೆ ಥೈರಾಯ್ಡ್ ಪರೀಕ್ಷೆ ಬರೆದ. ಥೈರಾಯ್ಡ್ ಚೆನ್ನಾಗಿತ್ತು. ಇನ್ನು ಮದುವೆಗೆ ಅಡ್ಡಿಯೇ ಇಲ್ಲ ಎಂದು ಮನೆಯವರು ತೀರ್ಮಾನಿಸಿದರು.

ಗಂಡು ಮುತ್ತುರಾಜ. ಕೆ.ಆರ್. ಪುರದ ಕಡೆ ಲೇಔಟ್ ಮಾಡುವವನು. ಕೈಯಲ್ಲಿ ಎರಡು ಫೋನು, ಕೊರಳಲ್ಲಿ ನಾಯಿ ಕಟ್ಟುವಷ್ಟು ದಪ್ಪದ ಚೈನು. ಸುನಿಲನಿಗೆ ಉಳಿದ ಜಮೀನಿನಲ್ಲಿ ಅವನ ಜೊತೆ ಲೇಔಟ್ ಮಾಡುವ ಆಸೆ. ಹೋದ ಸಲ ಕಟ್ಟಿಕೊಂಡವಳು ಮುತ್ತುರಾಜನನ್ನು ಬಿಟ್ಟು ಹೋಗಿದ್ದಳು. ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಮದುವೆ ಬೇಡ ಎಂದವರಿಗೆ ನೂರು ಪ್ರಶ್ನೆ, ಮದುವೆ ಕೆಡಿಸಿಕೊಂಡವನಿಗೆ ಒಂದೂ ಇಲ್ಲ. ರಾಜ್ಯೋತ್ಸವ ಮುಗಿದ ಮೇಲಿನ ಭಾನುವಾರ ಹೂ ಮುಡಿಸುವ ಶಾಸ್ತ್ರ ಎಂದು ಮೇಷ್ಟ್ರನ್ನು ಕೇಳದೆಯೇ ಗೊತ್ತು ಮಾಡಿದರು. ಮೇಷ್ಟ್ರು ಬೇಡ ಎಂದದ್ದನ್ನು ನಾಚಿಕೆ ಎಂದು ಲೆಕ್ಕ ಹಾಕಿಕೊಂಡರು.

ಆಗ ಅವರು ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು.

“ಗಯಾಜಣ್ಣ, ಬಾಯಲ್ಲಿ ಹೇಳಿದ್ರೆ ಅಮ್ಮಂಗೆ ಕಾಯಿಲೆ ಥರ ಕೇಳ್ಸುತ್ತೆ. ನಾಟಕದಲ್ಲಿ ಹೇಳ್ತೀನಿ. ಕೊನೇ ಸೀನು ಒಂದು ಅಮ್ಮ ನೋಡಿದ್ರೆ ಸಾಕು. ಅದು ತಲುಪ್ಲಿಲ್ಲ ಅಂದ್ರೆ ಭಾನುವಾರ ನನ್ನ ತಲೆಗೆ ಹೂವು ಮುಡಿಸ್ತಾರೆ. ಅಮ್ಮ ಅಳ್ತಾ ಕೂತ್ರೆ ನನಗೆ ತಡೆಯೋ ಶಕ್ತಿ ಇಲ್ಲ.”

ನಾಟಕದ ಹೆಸರು ‘ಕೆಂಡದ ಕಾವಲು’. ಮೋಡದ ಮೇಲೊಂದು ಕೋಟೆ. ಕೋಟೆಯ ನಡುವೆ ಆರಬಾರದ ಒಂದು ಬೆಂಕಿ. ಅದನ್ನು ಕಾಯುವುದು ಅನಲ. ಕೆಂಡದಲ್ಲಿ ಹುಟ್ಟಿದ ಜೀವ, ಗಂಡೂ ಅಲ್ಲ ಹೆಣ್ಣೂ ಅಲ್ಲ. ಯಾಳಿಯ ಜೊತೆ ಕಾದಾಡಿ ಗಾಯಗೊಂಡ ರಾಜಕುಮಾರ ಧವಳಕೀರ್ತಿ ಅಲ್ಲಿಗೆ ಬಂದು ಬೀಳುತ್ತಾನೆ. ಅನಲ ಅವನ ಗಾಯ ತೊಳೆದು, ಜ್ವರ ಕಾದು, ಬದುಕಿಸುತ್ತದೆ. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಕೂತು ಕೋಟೆ ಕಾಯುತ್ತಾರೆ, ಹಾಡು ಹೇಳಿಕೊಳ್ಳುತ್ತಾರೆ, ನಗುತ್ತಾರೆ. ಕೊನೆಗೆ ರಾಜಕುಮಾರ ಅರ್ಧ ರಾಜ್ಯ ಕೊಡುತ್ತೇನೆ, ಮದುವೆಯಾಗು ಎನ್ನುತ್ತಾನೆ. ಅನಲ ಬೇಡ ಎನ್ನುತ್ತದೆ, ಒಂದು ರಾಗಿ ರೊಟ್ಟಿ ಮುರಿದು ಅರ್ಧ ಕೊಡುತ್ತದೆ. ಅವನು ಬೆಂಕಿಯ ಆಚೆ ಬದಿ ಕೂತು ತಿನ್ನುತ್ತಾನೆ. ಪರದೆ.

ನಾಟಕ ಕಂಪನಿಯಿಂದ ಕರೆಸಿದ ನಟಿಯರು ಡ್ಯೂಯೆಟ್ ಇಲ್ಲದ ಪಾತ್ರ ಬೇಡ ಎಂದರು. ಹಾಗಾಗಿ ಅನಲ ಪಾತ್ರ ಮೇಷ್ಟ್ರದ್ದೇ ಆಯಿತು. ಸುದ್ದಿ ತಿಳಿದ ಕೂಡಲೇ ಮುತ್ತುರಾಜ ಯಾರೂ ಹಾಕದಷ್ಟು ಚಂದಾ ಹಾಕಿ ರಾಜಕುಮಾರನಾದ. ಬಂದ ನೋಡಿ, ಹೊಟ್ಟೆ ಮುಂದೆ, ಧವಳಕೀರ್ತಿ ಹಿಂದೆ.

ಡ್ರೆಸ್ಸಿನದು ಇನ್ನೊಂದು ರಾಮಾಯಣ. ನನ್ನ ಅಂಗಡಿಯಲ್ಲಿರುವುದು ಎರಡೇ ಬೀರು. ಒಂದು ಗಂಡು ಪಾತ್ರದ್ದು, ಒಂದು ಹೆಣ್ಣು ಪಾತ್ರದ್ದು. ಮೇಷ್ಟ್ರು ಎರಡನ್ನೂ ತೆರೆದು ನೋಡಿ ಮುಚ್ಚಿದರು. ನನಗೆ ರೇಗಿತು. “ಅಪ್ಪನ ಕಾಲದಿಂದ ಎರಡೇ ಬೀರು ಮೇಷ್ಟ್ರೇ! ಮೂರನೇದು ಎಲ್ಲಿಂದ ತರ್ಲಿ, ನನ್ನ ತಲೆ ಮೇಲಿಂದಾನಾ?”

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ನೌರೀನ್ ತಲೆಯೆತ್ತದೆ, “ಕೂಗ್ಬೇಡಿ ಜೀ, ಸೂಜಿ ಕೈಗೆ ಚುಚ್ಚುತ್ತೆ,” ಎಂದಳು. ಆಮೇಲೆ ಅಟ್ಟದ ಮೇಲಿದ್ದ ಹಳೆಯ ಪರದೆಯೊಂದನ್ನು ಇಳಿಸಿದಳು. ಸೂರ್ಯಾಸ್ತದ ಸೀನು, ಪೂರಾ ಕೇಸರಿ ಬಣ್ಣ, ಒಂದು ಕಡೆ ಇಲಿ ಕಡಿದಿತ್ತು. ಅದನ್ನು ಕತ್ತರಿಸಿ ಕತ್ತಿನಿಂದ ಕಾಲಿನವರೆಗೆ ಒಂದು ನಿಲುವಂಗಿ ಹೊಲಿದಳು. ಮೇಷ್ಟ್ರು ಹಾಕಿಕೊಂಡು ಕನ್ನಡಿಯ ಮುಂದೆ ತುಂಬ ಹೊತ್ತು ನಿಂತರು. ಸೂರ್ಯಾಸ್ತದ ಆ ಪರದೆ ಹಾಳಾಯಿತೆಂದು ನಾನು ಬೈಯಬೇಕೆಂದಿದ್ದೆ, ಬೈಯಲಿಲ್ಲ.

ತಾಲೀಮು ನಡೆದದ್ದು ಅವರದೇ ಕಟ್ಟಡದ ಕೆಳಗೆ, ಬೈಕು ನಿಲ್ಲಿಸುವ ಜಾಗದಲ್ಲಿ. ಕೊನೇ ಸೀನಿಗೆ ಬಂದಾಗ ಮುತ್ತುರಾಜ ಕತ್ತಿ ಕೆಳಗಿಟ್ಟ.

“ಅಲ್ಲ ಮೇಷ್ಟ್ರೇ, ಕ್ಲೈಮ್ಯಾಕ್ಸ್‌ನಲ್ಲಿ ರೊಟ್ಟಿ ತಿನ್ನೋದಾ? ಅದನ್ನ ನಮ್ಮನೇಲೇ ತಿಂತೀನಲ್ಲ.”

“ನಿಮ್ಮನೇಲಿ ಹಾಕೋರ್ಯಾರಿದ್ದಾರೆ?” ಎಂದೆ ನಾನು. ಅವನು ಕೇಳಿಸದವನಂತೆ ಇನ್ನೊಂದು ಫೋನು ನೋಡಿದ.

ಮೇಷ್ಟ್ರು ಸಮಾಧಾನದಿಂದಲೇ ಹೇಳಿದರು. “ಒಂದೇ ಬೆಂಕಿ ಕಾಯ್ತಾ, ಒಂದೇ ರೊಟ್ಟಿ ಮುರ್ಕೊಂಡ್ ತಿಂತಾರೆ. ಅದಕ್ಕಿಂತ ಹತ್ತಿರ ಇನ್ನೇನು ಬೇಕು?”

“ಅಕ್ಕ, ನಾನೊಂದು ಐಡಿಯಾ ಕೊಡ್ತೀನಿ,” ಎಂದು ಸುನಿಲ ನಡುವೆ ಬಾಯಿ ಹಾಕಿದ. “ಒಂದು ಶಾಪ ಹಾಕ್ಸು. ಯಾರೋ ಋಷಿ ಶಾಪ ಕೊಟ್ಟಿದ್ದಕ್ಕೇ ಅನಲ ಹಂಗಿರೋದು ಅಂತ. ರಾಜಕುಮಾರ ಮುಟ್ಟಿದ ತಕ್ಷಣ ಶಾಪ ಹೋಗಿ ಸುಂದರಿ ಆಗ್ಬಿಡ್ಲಿ. ಹೂಮಳೆ, ಹಾರ, ಮದುವೆ. ಶಿಳ್ಳೆ ಬೀಳುತ್ತೆ!”

“ಸೂಪರ್ ಮಗಾ!” ಎಂದ ಮುತ್ತುರಾಜ.

ಮೇಷ್ಟ್ರ ಮುಖ ಸಣ್ಣದಾಯಿತು. “ಶಾಪ ಯಾರೂ ಕೊಟ್ಟಿಲ್ಲ ಸುನಿ. ಅನಲ ಹುಟ್ಟಿದ್ದೇ ಹಂಗೆ. ಸರಿಯಾಗೇ ಹುಟ್ಟಿರೋದು. ವಾಸಿ ಮಾಡೋಕೆ ಅಲ್ಲಿ ಏನೂ ಇಲ್ಲ.”

ನೋಡಿ ಈ ಬುದ್ಧಿವಂತರನ್ನು! ಹಾರುವ ಯಾಳಿಯನ್ನು ಒಪ್ಪುತ್ತಾರೆ. ಮೋಡದ ಮೇಲೆ ಕಲ್ಲಿನ ಕೋಟೆ ನಿಂತಿದ್ದನ್ನು ಒಪ್ಪುತ್ತಾರೆ, ಪಾಯ ಎಲ್ಲಿ ಹಾಕಿದರು ಎಂದು ಆ ಲೇಔಟಿನವನೂ ಕೇಳಲಿಲ್ಲ. ಆದರೆ ಒಬ್ಬರು ಮದುವೆ ಬೇಡ ಎಂದು ಸುಖವಾಗಿದ್ದಾರೆ ಎಂದರೆ ಮಾತ್ರ, ಅದು ಹೇಗೆ ಸಾಧ್ಯ ಗುರು ಎಂದು ಹಣೆ ಚಚ್ಚಿಕೊಳ್ಳುತ್ತಾರೆ. ಕೆಂಡ ನುಂಗುವ ಹಕ್ಕಿ ಇವರ ಗಂಟಲಲ್ಲಿ ಸಲೀಸಾಗಿ ಇಳಿಯಿತು. ಅರ್ಧ ರೊಟ್ಟಿ ಇಳಿಯಲಿಲ್ಲ.

ಜಗಳವಾಯಿತು. ನಾನು ಕಿರೀಟ ಕೊಡುವುದಿಲ್ಲ ಎಂದೆ. ಕೊನೆಗೆ ಸುನಿಲ ಕೈ ಎತ್ತಿ, “ಆಯ್ತು ಬಿಡಕ್ಕ, ನೀನು ಬರೆದಂಗೇ ಆಡೋಣ,” ಎಂದ. ಅಷ್ಟು ಬೇಗ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಹತ್ತಕ್ಕೆ ಮೈಕ್ ಬಂದ್ ಮಾಡಬೇಕೆಂದು ಪೊಲೀಸರು ಹೇಳಿದ್ದರಿಂದ ರಾಜ್ಯೋತ್ಸವದ ದಿನ ಸಂಜೆಗೇ ಪರದೆ ಎದ್ದಿತು. ಕಗ್ಗದಾಸಪುರದ ಮುಖ್ಯರಸ್ತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸಾಲಿನಲ್ಲಿ ಪಟಾಲಮ್ಮ ಹೊಸ ಸೀರೆಯುಟ್ಟು ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ನಾಟಕ ಚೆನ್ನಾಗಿಯೇ ಹೋಯಿತು. ಮುತ್ತುರಾಜನಿಗೆ ಪ್ರತಿ ಮಾತನ್ನೂ ನಾನು ಪಕ್ಕದಿಂದ ಎತ್ತಿಕೊಟ್ಟೆ. ಅವನು ಅದನ್ನೂ ತಪ್ಪು ಹೇಳಿದ. ಆದರೆ ಅನಲ ಗಾಯ ತೊಳೆಯುವ ಸೀನಿನಲ್ಲಿ ರಸ್ತೆಯೆಲ್ಲ ಗಪ್‌ಚಿಪ್. “ಎಷ್ಟ್ ನಾಜೂಕಾಗ್ ತೊಳೀತೈತೆ ನೋಡೇ!” ಎಂದು ಪಟಾಲಮ್ಮ ಪಕ್ಕದವಳಿಗೆ ಹೇಳಿದ್ದು ನನಗೂ ಕೇಳಿಸಿತು. ನಾಟಕದೊಳಗೆ ಇಳಿದರೆ ಅವರಿಗೆ ಸ್ಟೇಜಿನ ಮೇಲಿರುವುದು ತಮ್ಮ ಹೊಟ್ಟೆಯಲ್ಲಿ ಹುಟ್ಟಿದ್ದು ಎಂಬುದೂ ನೆನಪಿರುವುದಿಲ್ಲ.

ನಮ್ಮ ಕಡೆ ಇನ್ನೊಂದು ವಾಡಿಕೆ ಇದೆ. ನಾಟಕ ನಡೆಯುತ್ತಿರುವಾಗಲೇ ಅಭಿಮಾನಿಗಳು ಸ್ಟೇಜ್ ಹತ್ತಿ ಹಾರ ಹಾಕುತ್ತಾರೆ. ರಾಜ ಸಾಯುತ್ತಿದ್ದರೂ ಎದ್ದು ನಿಂತು, ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು, ಮತ್ತೆ ಮಲಗಿ ಸಾಯುತ್ತಾನೆ. ಇದನ್ನು ನಾನು ಜೀವಮಾನವಿಡೀ ನೋಡಿ ಹಲ್ಲು ಕಡಿದಿದ್ದೇನೆ. ಆದರೆ ಅಂದು ಬಂದದ್ದು ಅಂಥ ಹಾರವಲ್ಲ.

ಕೊನೇ ಸೀನು ಶುರುವಾಗಿತ್ತು. ಮೇಷ್ಟ್ರು ಬೆಂಕಿಯ ಮುಂದೆ ಕೂತು ರೊಟ್ಟಿ ಕೈಗೆ ತೆಗೆದುಕೊಂಡಿದ್ದರು. ಆಗ ರಸ್ತೆಯ ತಿರುವಿನಲ್ಲಿ ಕ್ರೇನ್ ಗರ್ ಎಂದಿತು. ರಾಜಕಾರಣಿಗಳಿಗೆ ಕ್ರೇನಿನಿಂದ ಸೇಬಿನ ಹಾರ ಇಳಿಸುವುದನ್ನು ನೀವು ನೋಡಿರುತ್ತೀರಿ. ಅಂಥದ್ದೇ ಹಾರ, ಹೆಬ್ಬಾವಿನಂತೆ ತೂಗಾಡುತ್ತಾ ಸ್ಟೇಜಿನ ಕಡೆ ಬಂತು. ಸ್ಟೇಜಿನ ಮುಂಭಾಗಕ್ಕೆ ಶಾಮಿಯಾನ ಬೇಡ ಎಂದು ಸುನಿಲ ಏಕೆ ಹಟ ಹಿಡಿದಿದ್ದ ಎಂದು ಆಗ ತಿಳಿಯಿತು. ಆ ಹಾರವನ್ನು ಒಂದು ಕೊರಳಿಗೆ ಕಟ್ಟಿಸಿರಲಿಲ್ಲ. ಜೋಡಿ ನಿಂತರೆ ಇಬ್ಬರನ್ನೂ ಒಟ್ಟಿಗೆ ಸುತ್ತುವಷ್ಟು ಅಗಲ ಮಾಡಿಸಿದ್ದರು, ಪಾಪಿಗಳು.

ಸುನಿಲ ಮೈಕ್ ಹಿಡಿದ. “ನಮ್ಮ ಧವಳಕೀರ್ತಿಗೂ ನಮ್ಮ ಅಕ್ಕನಿಗೂ ಅಭಿಮಾನಿಗಳ ವತಿಯಿಂದ ಸೇಬಿನ ಹಾರ! ಬರೋ ಭಾನುವಾರ ಈ ಜೋಡಿಗೆ ಹೂ ಮುಡಿಸೋ ಶಾಸ್ತ್ರ, ಎಲ್ರೂ ಬಂದು ಆಶೀರ್ವಾದ ಮಾಡ್ಬೇಕು!”

ಅವನ ಹುಡುಗರ ಶಿಳ್ಳೆಯಲ್ಲಿ ಈ ಮಾತು ಅರ್ಧ ಜನಕ್ಕೆ ಕೇಳಿಸಲಿಲ್ಲ, ಪಟಾಲಮ್ಮನಿಗೂ ಕೇಳಿಸಿರಲಾರದು. “ಮದ್ವೆ ಆಗು! ಮದ್ವೆ ಆಗು!” ಎಂದು ಆ ಹುಡುಗರು ಕುಣಿಯತೊಡಗಿದರು. ಮುತ್ತುರಾಜ ಮೇಷ್ಟ್ರ ತೋಳು ಹಿಡಿದು ಎಳೆದ. “ಎದ್ದೇಳ್ರೀ, ಹಾರ ಬಂತು, ಫೋಟೋಗೆ ನಿಂತ್ಕೊಳ್ರೀ!”

ಮೇಷ್ಟ್ರು ಏಳಲಿಲ್ಲ. ತೋಳು ಬಿಡಿಸಿಕೊಂಡು ಕೂತಲ್ಲೇ ಕೂತರು.

ಕ್ರೇನಿನವನಿಗೆ ಇದೆಲ್ಲ ಏನು ಗೊತ್ತು! ಇಳಿಸು ಎಂದಿದ್ದರು, ಇಳಿಸಿದ. ಇಬ್ಬರ ಹಾರ ಒಬ್ಬನ ಮೇಲೆ ಬಿತ್ತು. ನನ್ನ ಕಿರೀಟ ಚಪ್ಪಟೆಯಾಯಿತು. ಧವಳಕೀರ್ತಿ ಆ ಭಾರಕ್ಕೆ ಮಂಡಿಯೂರಿ, ಸೇಬಿನ ರಾಶಿಯ ನಡುವಿನಿಂದ ಕತ್ತು ಮಾತ್ರ ಹೊರಗಿಟ್ಟು, “ಎತ್ರೋ! ಎತ್ರೋ ಲೇ!” ಎಂದು ಕೂಗಿದ. ಎತ್ತಲು ಬಂದವರು ಮೊದಲು ಫೋಟೋ ತೆಗೆದರು.

ಮೇಷ್ಟ್ರು ಅವನ ಕಡೆ ತಿರುಗಿ, ಬರೆದಿದ್ದ ಮಾತನ್ನೇ ಹೇಳಿದರು. ಒಂದಕ್ಷರ ಕೂಡಿಸಲಿಲ್ಲ, ಕಳೆಯಲಿಲ್ಲ.

“ರಾಜಕುಮಾರ, ನಿನ್ನ ಗಾಯ ತೊಳೆದೆ. ನಿನ್ನ ಜ್ವರದಲ್ಲಿ ಎಚ್ಚರವಾಗಿದ್ದೆ. ಅದು ಬಲಿತು ಮದುವೆಯಾಗಲೆಂದು ನೆಟ್ಟ ಬೀಜವಲ್ಲ. ಅದೇ ಹಣ್ಣು. ನನ್ನಲ್ಲಿ ಏನೋ ಕಡಿಮೆಯಿದೆ ಎಂದು ಹುಡುಕಬೇಡ, ನಾನು ಪೂರ್ತಿಯಾಗಿಯೇ ಇದ್ದೇನೆ. ಈ ಬೆಂಕಿಯ ಆಚೆ ಬದಿ ನಿನ್ನದು, ಬಂದಾಗ ಕೂರು, ಹಸಿದಿದ್ದರೆ ತಿನ್ನು. ಕೈ ಹಿಡಿಯಲು ಮಾತ್ರ ಬರಬೇಡ.”

“ಮದ್ವೆ ಆಗು! ಮದ್ವೆ ಆಗು!”

ಆಗ ಪಟಾಲಮ್ಮ ಎದ್ದರು. ಮಂಡಿ ನೋವನ್ನೂ ಮರೆತು ಕುರ್ಚಿಯ ಮುಂದೆ ಸೆಟೆದು ನಿಂತು, ಬಾಯಲ್ಲಿದ್ದ ಎಲೆಯಡಿಕೆ ಉಗಿದು, ಹುಡುಗರ ಕಡೆ ಕೈ ಚಾಚಿದರು.

“ಲೇಯ್, ಮುಚ್ರೋ ಬಾಯಿ! ಬೇಡ ಅಂತ ಬಾಯ್ಬಿಟ್ ಹೇಳ್ತಾ ಐತೆ, ಕಿವಿಗೇನ್ ಸೀಸ ಹುಯ್ಕೊಂಡಿದ್ದೀರಾ? ಅದ್ರ ಪಾಡಿಗ್ ಅದು ಬೆಂಕಿ ಕಾಯ್ಕೊಂಡ್ ನೆಮ್ಮದಿಯಾಗೈತೆ. ನಿಮ್ಮಪ್ಪನ್ ಮನೆ ಗಂಟು ಏನ್ ತಿಂದೈತೆ ಅದು? ಎಳೀಬೇಡ್ವೋ ಅದನ್ನ, ಮೂದೇವಿ!”

ಆ ಗಂಟಲಿಗೆ ಮೈಕ್ ಬೇಕಿರಲಿಲ್ಲ. ರಸ್ತೆ ತಣ್ಣಗಾಯಿತು. ಸುನಿಲ ಗಾಬರಿಯಲ್ಲಿ ಮೈಕ್ ಆರಿಸುವುದನ್ನೂ ಮರೆತು, “ಅಮ್ಮಾ, ಸುಮ್ನಿರಮ್ಮ! ಅದು ಅಕ್ಕ ಕಣಮ್ಮಾ!” ಎಂದ. ನಾಲ್ಕೂ ಸ್ಪೀಕರಿನಲ್ಲಿ ಕೇಳಿಸಿತು.

ಪಟಾಲಮ್ಮನ ಕೈ ಚಾಚಿದಂತೆಯೇ ನಿಂತಿತು. ಮಗನನ್ನು ನೋಡಿದರು. ಸ್ಟೇಜಿನ ಮೇಲೆ ಕೂತಿದ್ದ ಕೇಸರಿ ನಿಲುವಂಗಿಯನ್ನು ನೋಡಿದರು. ಮೇಷ್ಟ್ರೂ ಅವರನ್ನೇ ನೋಡುತ್ತಿದ್ದರು. ಆಮೇಲೆ ಆ ಮುದುಕಿ ನಿಧಾನವಾಗಿ ಕೈ ಇಳಿಸಿ ಕೂತುಕೊಂಡರು.

ಅಷ್ಟರಲ್ಲಿ ಹಾರ ಹರಿದು ಸೇಬುಗಳು ಉರುಳಿದವು. ಇಂಥ ಹಾರ ಬಂದಾಗ ಜನ ಮಾಡುವುದನ್ನೇ ಮಾಡಿದರು. ಸೆರಗು, ಟವೆಲು, ಹೆಲ್ಮೆಟ್ಟು ಒಡ್ಡಿಕೊಂಡು ಮುಗಿಬಿದ್ದರು. ಮೇಷ್ಟ್ರು ರೊಟ್ಟಿ ಮುರಿದು ಅರ್ಧವನ್ನು ಬೆಂಕಿಯ ಆಚೆ ಇಟ್ಟು, ಇನ್ನರ್ಧವನ್ನು ನಿಧಾನವಾಗಿ ತಿಂದದ್ದನ್ನು ಆ ರಸ್ತೆಯಲ್ಲಿ ನೋಡಿದ್ದು ನಾನು ಮತ್ತು ಪಟಾಲಮ್ಮ, ಇಬ್ಬರೇ ಇರಬೇಕು. ನಾನು ಪರದೆ ಎಳೆದೆ.

ಮಾರನೆಯ ದಿನ ನಿಲುವಂಗಿ ಹಿಂದಿರುಗಿಸುವ ನೆಪ ಮಾಡಿಕೊಂಡು ಪಟಾಲಮ್ಮ ಆಟೋದಲ್ಲಿ ಅಂಗಡಿಗೆ ಬಂದರು. ಸ್ಟೂಲಿನ ಮೇಲೆ ಕೂತು ಗದೆಗಳನ್ನು ಒಂದೊಂದಾಗಿ ನೋಡಿದರು. ನನಗೆ ಕಿರೀಟ ಚಪ್ಪಟೆಯಾದ ಕೋಪ ಇನ್ನೂ ಆರಿರಲಿಲ್ಲ.

“ಸಾಬ್ರೇ, ಆ ಅನಲ ಅನ್ನೋದು… ನಮ್ ಯಮುನಾನೇ ಅಲ್ವಾ?”

“ನನ್ನ ಯಾಕ್ ಕೇಳ್ತೀರಿ? ಮನೇಲಿ ಕೇಳಿ.”

“ಮನೇಲಿ ವರ್ಷಾನ್‌ಗಟ್ಲೆ ಹೇಳ್ತಾನೇ ಇತ್ತು. ನಾನು ಡಾಕ್ಟ್ರ ತಾವ ಕರ್ಕೊಂಡ್ ಹೋದೆ.” ಸೆರಗಿನ ತುದಿ ತಿರುವುತ್ತಾ ಹೇಳಿದರು. “ನಿನ್ನೆ ಅದನ್ನ ಎಳೆಯೋದ್ ನೋಡಿ ಹೊಟ್ಟೆ ಉರೀತು. ಯಾರದೋ ಮಗು ಅನ್ಕೊಂಡೆ. ಯಾರದೋ ಮಗು ಆಗಿದ್ರೆ ನಂಗೆ ತಿಳೀತದೆ, ನಂದಾದ್ರೆ ತಿಳಿಯಾಕಿಲ್ಲ. ಎಂಥ ತಾಯಿ ನೋಡಿ.”

ನೌರೀನ್ ನೀರು ತಂದುಕೊಟ್ಟಳು. ಕುಡಿದು, ಲೋಟ ಕೆಳಗಿಟ್ಟು, ಮತ್ತೆ ಅದೇ ಹಳೆಯ ರಾಗ ತೆಗೆದರು. “ಆದ್ರೂ ಸಾಬ್ರೇ, ವಯಸ್ಸಾದ್ಮೇಲೆ ಅದನ್ನ ಯಾರ್ ನೋಡ್ಕೊಳ್ತಾರೆ?”

ನನಗೆ ತಡೆಯಲಾಗಲಿಲ್ಲ. “ನಿಮ್ಗೆ ವಯಸ್ಸಾಗೈತಲ್ಲ, ನಿಮ್ಮನ್ನ ಯಾರ್ ನೋಡ್ಕೊಳ್ತಾವ್ರೆ? ಮದುವೆಯಾಗಿರೋ ಸುನಿಲನಾ? ನಿಮ್ಗೆ ನೋಯೋದು ಎಡಗಾಲ ಮಂಡಿನೋ ಬಲಗಾಲ ಮಂಡಿನೋ ಅಂತ ಅವನನ್ನ ಕೇಳಿ ನೋಡಿ!”

“ಜೀ!” ಎಂದು ನೌರೀನ್ ಗದರಿದಳು. ಪಟಾಲಮ್ಮ ಕೋಪಿಸಿಕೊಳ್ಳಲಿಲ್ಲ. ಎಲೆಯಡಿಕೆಯ ಚೀಲದಿಂದ ಬಟನ್ ಫೋನು ತೆಗೆದು ನನ್ನ ಮುಂದೆ ಹಿಡಿದರು. “ಸುನಿಗೆ ಒತ್ತಿ ಕೊಡಿ.”

ಒತ್ತಿ ಕೊಟ್ಟೆ. ಅವರು ಫೋನನ್ನು ಬಾಯಿಯ ಮುಂದೆ ರೊಟ್ಟಿಯಂತೆ ಅಡ್ಡ ಹಿಡಿದು ಕೂಗಿದರು.

“ಸುನೀ, ಭಾನುವಾರ ಯಾರೂ ಬರೋದ್ ಬೇಡ ಅನ್ನು… ಹೂಂ, ಆ ಮುತ್ತುರಾಜಂಗೇ… ಮರ್ಯಾದೆನಾ? ಕ್ರೇನು ತಂದಾಗ ಎಲ್ಲಿಟ್ಟಿದ್ದೆ ಮರ್ಯಾದೆನ?… ನಾಟಕ ಅಲ್ಲ ಕಣೋ, ನಾನ್ ಹೇಳ್ತಾ ಇರೋದು… ಅದು ಬೇಡ ಅಂದೈತೆ. ಕೇಳಿಸ್ತಾ? ಬೇಡ ಅಂದೈತೆ. ನಾನೂ ಇನ್ಮೇಲೆ ಕೇಳಾಕಿಲ್ಲ, ನೀನೂ ಕೇಳ್ಬೇಡ.”

ಅತ್ತಲಿಂದ ಸುನಿಲ ಏನೋ ಹೇಳುತ್ತಲೇ ಇದ್ದ. ಜಮೀನು, ಲೇಔಟು ಎಂಬ ಮಾತು ನನಗೂ ಕೇಳಿಸಿತು. ಪಟಾಲಮ್ಮನಿಗೆ ಫೋನು ಆರಿಸಲು ಬರುವುದಿಲ್ಲ. ಅವನು ಮಾತಾಡುತ್ತಿರುವಾಗಲೇ ಅದನ್ನು ಚೀಲಕ್ಕೆ ಹಾಕಿ, ಮೇಲೆ ಎಲೆಯಡಿಕೆ ಮುಚ್ಚಿ, ದಾರ ಎಳೆದು ಬಿಗಿದರು.